ಕಣಕ ಮೆತ್ತಿದ ಭರಣಿ

ಪುಣೆ, ಸದಾಶಿವ ಪೇಠ
ಸ್ವಭಾನು ಸಂವತ್ಸರ, ಶ್ರಾವಣ ಬಹುಳ ಪಂಚಮಿ
೨೦-೮-೧೯೪೩

ಧಾರವಾಡದ ಬಾಳಣ್ಣನಿಗೆ ತಂಗಿ ಭಾಮಾ ಮಾಡುವ ನಮಸ್ಕಾರ.

ನಾವು ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆದೆ ಎಂದುಕೊಂಡು ಮುಂದೆ ಓದು.

ನಮ್ಮ ಮನೆಯಲ್ಲಿ ಆ ವಾಸನೆ ಮತ್ತೆ ಬಂದಿದೆ. ಯಾವ ವಾಸನೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ವರ್ಷ ಅದರ ಜೊತೆ ಸಂಸಾರ ಮಾಡಿದವಳು ನಾನು. ನೆಗಡಿಯಾಗಿ ಮೂಗು ಕಟ್ಟಿದ್ದರೂ ನನಗೆ ಅದು ಗೊತ್ತಾಗುತ್ತದೆ. ಇವರು ಪಂಢರಪುರಕ್ಕೆ ಹೋಗಿ, ಕೊರಳಿಗೆ ತುಳಸಿಮಾಲೆ ಹಾಕಿಸಿಕೊಂಡು, ಇನ್ನು ಸೀಸೆ ಮುಟ್ಟುವುದಿಲ್ಲ ಎಂದು ವಿಠ್ಠಲನ ಮುಂದೆ ಆಣೆ ಮಾಡಿ ಆರು ವರ್ಷವಾಯಿತು. ಮುಟ್ಟಿಲ್ಲ ಎಂದು ನನಗೆ ಹೇಗೆ ಗೊತ್ತು ಎಂದರೆ, ದಿನಾ ಸಂಜೆ ಇವರು ರೇಲ್ವೆ ಪಾರ್ಸಲ್ ಆಫೀಸಿನಿಂದ ಬಂದ ಕೂಡಲೇ ನಾನೇ ಹೊಸ್ತಿಲಿಗೆ ಹೋಗಿ ಟೊಪ್ಪಿಗೆ ಇಸಿದುಕೊಳ್ಳುತ್ತೇನೆ. "ಭಾಳ ದಣದೀರೇನ್ರಿ?" ಎಂದು ಕೇಳುತ್ತೇನೆ. ಅವರು "ಇಲ್ಲ" ಅನ್ನುವುದರೊಳಗೆ ನನ್ನ ಮೂಗು ತನ್ನ ಕೆಲಸ ಮುಗಿಸಿರುತ್ತದೆ. ಪಾಪ, ಹೆಂಡತಿಗೆ ತನ್ನ ಮೇಲೆ ಎಷ್ಟು ಕಾಳಜಿ ಎಂದು ಅವರು ತಿಳಿದುಕೊಂಡಿದ್ದಾರೆ.

ಬಾಯಲ್ಲಿ ವಾಸನೆ ಇಲ್ಲ. ಬಚ್ಚಲಮನೆಯಲ್ಲಿ ಇದೆ. ಹುಡುಕಿದೆ. ನೀರೊಲೆಯ ಹಿಂದೆ, ಸೌದೆಯ ಮರೆಯಲ್ಲಿ, ನನ್ನದೇ ಉಪ್ಪಿನಕಾಯಿ ಭರಣಿ. ಬಾಯಿಗೆ ಮೇಣಬಟ್ಟೆ, ಅದರ ನಡುವೆ ಒಂದು ಸಣ್ಣ ಗಾಜಿನ ಕೊಳವೆ. ಒಳಗೆ ಬೆಲ್ಲದ ನೀರು ನೊರೆಗಟ್ಟಿ ಬುಸುಗುಡುತ್ತಿದೆ. ಇಟ್ಟವಳು ನಿನ್ನ ಮಗಳು ಇಂದೂ. ಅವಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಕಿವಿಗೊಟ್ಟು ಕೇಳುವುದನ್ನು ಬಾಗಿಲ ಸಂದಿಯಿಂದ ನೋಡಿದ್ದೇನೆ. ಡಬ್ಬಿಯ ಬೆಲ್ಲ ಯಾಕೆ ಕರಗುತ್ತಿದೆ ಎಂಬುದೂ ಈಗ ತಿಳಿಯಿತು.

ನಮ್ಮಲ್ಲಿದ್ದು ಬಿ.ಎಸ್‌ಸಿ. ಓದುವ ಹುಡುಗಿ ಇದನ್ನು ಯಾರಿಗಾಗಿ ಮಾಡುತ್ತಾಳೆ? ತನಗಾಗಿ ಅಲ್ಲ. ಮನೆಯಲ್ಲಿ ಗಂಡಸು ಅಂದರೆ ಒಬ್ಬರೇ. ಮಾಮಾ, ಮಾಮಾ ಎಂದು ಅವರ ಬೆನ್ನಿಗೆ ಬಿದ್ದಿರುತ್ತಾಳೆ. ಇಬ್ಬರೂ ವಾಡೆಯ ಅಂಗಳದಲ್ಲಿ ನಿಂತು ಗುಸುಗುಸು ಮಾಡುತ್ತಾರೆ. ನಾನು ಬಂದರೆ ಮಳೆಯ ಮಾತು ತೆಗೆಯುತ್ತಾರೆ.

ನಾನಿನ್ನೂ ಬಾಯಿ ಬಿಟ್ಟಿಲ್ಲ. ಇಬ್ಬರೂ ಹೊರಗೆ ಹೋದ ಮೇಲೆ ದಿನಾ ಬಟ್ಟೆ ಬಿಚ್ಚಿ ಮೂಸಿ ನೋಡುತ್ತೇನೆ. ಒಂದು ಸೌಟು ತೆಗೆದು ಒಲೆಗೆ ಎರಚುತ್ತೇನೆ. ಬಲಿತ ಸೆರೆಯಾದರೆ ನೀಲಿ ಉರಿ ಏಳುತ್ತದೆ, ಅದನ್ನು ಆ ಕಾಲದಲ್ಲೇ ಕಲಿತಿದ್ದೆ. ಇನ್ನೂ ಉರಿ ಎದ್ದಿಲ್ಲ, ಚುಂಯ್ ಎನ್ನುತ್ತದೆ ಅಷ್ಟೇ. ಮತ್ತೆ ಮೊದಲಿದ್ದ ಹಾಗೆಯೇ ಕಟ್ಟಿ ಬರುತ್ತೇನೆ.

ನೀನು ವಕೀಲ. ಮಗಳನ್ನು ನೀನೇ ಕೇಳು. ನಾನು ಬರೆದೆ ಎಂದು ಮಾತ್ರ ಹೇಳಬೇಡ. ನನಗೆ ಹೆದರಿಕೆಯಾಗಿದೆ ಅಣ್ಣಾ. ಇವರು ಮತ್ತೆ ಕುಡಿದರೆ, ಈ ಸಲ ನನ್ನ ಕೈಲಿ ತಡೆದುಕೊಳ್ಳುವುದು ಆಗುವುದಿಲ್ಲ.

ನಿನ್ನ
ಭಾಮಾ


ಧಾರವಾಡ
೨೬-೮-೧೯೪೩

ಚಿ. ಇಂದೂಗೆ ಆಶೀರ್ವಾದ.

ಒಂದೇ ಪ್ರಶ್ನೆ. ನೀರೊಲೆಯ ಹಿಂದಿನ ಭರಣಿಯಲ್ಲಿ ಏನಿದೆ, ಅದು ಯಾರಿಗಾಗಿ?

ನನಗೆ ಹೇಗೆ ತಿಳಿಯಿತು ಎಂದು ಕೇಳಬೇಡ. ನಿನ್ನ ಅತ್ತೆಯ ಗಂಡ ಪಂಢರಿನಾಥರಾಯರ ಮೇಲೆ ನನಗೆ ಎಂದೂ ಭರವಸೆ ಇರಲಿಲ್ಲ. ನಾಯಿ ಬಾಲ ಡೊಂಕು; ಅದಕ್ಕೆ ತುಳಸಿಮಾಲೆ ಸುತ್ತಿದರೆ ನೆಟ್ಟಗಾಗುವುದಿಲ್ಲ. ಅವರು ನಿನ್ನ ವಿದ್ಯೆಯನ್ನು ತಮ್ಮ ಚಟಕ್ಕೆ ಬಳಸಿಕೊಳ್ಳುತ್ತಿದ್ದರೆ ಹೆದರದೆ ತಿಳಿಸು. ನಾನು ಅವರ ಜೊತೆ ಮಾತಾಡುವ ಬಗೆ ಬೇರೆ ಇದೆ.

ಮರುಟಪಾಲಿಗೆ ಉತ್ತರ ಬರಬೇಕು.

ನಿನ್ನ ತಂದೆ,
ಬಾಳಕೃಷ್ಣ


ಪುಣೆ
೧-೯-೧೯೪೩

ತೀರ್ಥರೂಪ ಅಪ್ಪನವರಿಗೆ ಇಂದೂ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಓದಿ ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಭರಣಿಯಲ್ಲಿರುವುದು ನನ್ನ ಪರೀಕ್ಷೆಯ ಅಂಕಗಳು.

ಯುದ್ಧದ ದೆಸೆಯಿಂದ ಸ್ಪಿರಿಟ್ ಎಲ್ಲ ಸೈನ್ಯಕ್ಕೆ ಹೋಗುತ್ತಿದೆ. ನಮ್ಮ ಪ್ರಯೋಗಶಾಲೆಗೆ ಒಂದು ಸೀಸೆಯೂ ಬಂದಿಲ್ಲ. "ನಿಮ್ಮ ನಿಮ್ಮ ಮದ್ಯಸಾರ ನೀವೇ ತಯಾರಿಸಿಕೊಳ್ಳಿ" ಎಂದು ಪ್ರೊಫೆಸರರು ಹೇಳಿದ್ದಾರೆ. ಬೆಲ್ಲದ ನೀರಿಗೆ ಈಸ್ಟ್ ಹಾಕಿ ಬೆಚ್ಚಗೆ ಇಡಬೇಕು. ಈಸ್ಟ್ ಸಕ್ಕರೆಯನ್ನು ತಿಂದು ಎರಡು ಪದಾರ್ಥ ಮಾಡುತ್ತದೆ, ಒಂದು ಮದ್ಯಸಾರ, ಇನ್ನೊಂದು ಅನಿಲ. ಅನಿಲವನ್ನು ಕೊಳವೆಯಿಂದ ಸುಣ್ಣದ ತಿಳಿನೀರಿಗೆ ಬಿಟ್ಟರೆ ನೀರು ಹಾಲಿನಂತಾಗುತ್ತದೆ. ಆ ಗುಳ್ಳೆಗಳನ್ನು ಕೇಳುವುದೆಂದರೆ ನನಗೆ ಭಾರಿ ಖುಷಿ. ಆಮೇಲೆ ಭಟ್ಟಿ ಇಳಿಸುವುದು. ಇಳಿದದ್ದು ನಿಜವಾಗಿ ಮದ್ಯಸಾರವೇ ಎಂದು ತೋರಿಸಬೇಕು: ಅಯೋಡಿನ್ ಮತ್ತು ಕ್ಷಾರ ಹಾಕಿ ಬಿಸಿ ಮಾಡಿದರೆ ಹಳದಿ ಪುಡಿ ಬಿದ್ದು ಆಸ್ಪತ್ರೆಯ ವಾಸನೆ ಬರುತ್ತದೆ, ಡೈಕ್ರೋಮೇಟಿನ ಕಿತ್ತಳೆ ಬಣ್ಣ ಹಸಿರಾಗುತ್ತದೆ. ಇವೆಲ್ಲ ಆದರೆ ಅಂಕ, ಇಲ್ಲದಿದ್ದರೆ ಇಲ್ಲ.

ಇದನ್ನು ಮನೆಯಲ್ಲಿ ಯಾಕೆ ಇಟ್ಟೆ ಎಂದು ಕೇಳುತ್ತೀರಿ. ಕಾಲೇಜಿನಲ್ಲೇ ಇಟ್ಟಿದ್ದೆ. ವರ್ಗದಲ್ಲಿ ಹುಡುಗಿ ನಾನೊಬ್ಬಳೇ. ಯಾರೋ ನನ್ನ ಭರಣಿಗೆ ಒಂದು ಹಿಡಿ ಉಪ್ಪು ಸುರಿದಿದ್ದರು. ಯಾರು ಎಂದು ನನಗೆ ಗೊತ್ತು. ಧಾರವಾಡದವನೇ ಆದ ಭುಜಂಗ ಆ ದಿನ ಕೈ ತೊಳೆದುಕೊಳ್ಳುತ್ತಿದ್ದ. ಇನ್ನು ನೀರೊಲೆಯ ಹಿಂದೆ ಇಡುತ್ತೇನೆ ಎಂದು ನಾನೇ ವರ್ಗದಲ್ಲಿ ಅಂದಿದ್ದೆ; ನಿಮಗೆ ಕಾಗದ ಬರೆದವನೂ ಅವನೇ ಇರಬೇಕು. ಅತ್ತೆಗೆ ಹೇಳಲಿಲ್ಲ, ಏಕೆಂದರೆ ಈ ಮನೆಯಲ್ಲಿ ಸೆರೆಯ ಹೆಸರು ಎತ್ತುವ ಹಾಗಿಲ್ಲ. ಪರವಾನಿಗೆ ಇರುವುದು ಕಾಲೇಜಿಗೆ, ನಮ್ಮ ಬಚ್ಚಲಿಗೆ ಅಲ್ಲ ಎಂಬ ಅಂಜಿಕೆಯೂ ಇದೆ. ಮಾಮಾ ಒಬ್ಬರಿಗೆ ಗೊತ್ತು. ದಂಡಿನ ಕ್ಯಾಂಪಿನ ಬೇಕರಿಯಿಂದ ಈಸ್ಟ್ ತಂದುಕೊಟ್ಟವರು ಅವರೇ.

ಅಪ್ಪಾ, ಇನ್ನೊಂದು ಮಾತು ಬರೆಯಲು ಕೈ ಬರುತ್ತಿಲ್ಲ. ಭರಣಿಯ ಹೊರಗೆ ನಾನು ಸುಣ್ಣದ ಗೆರೆ ಎಳೆದಿದ್ದೆ. ಒಳಗಿನ ನೀರು ಗೆರೆಯಿಂದ ಎರಡು ಬೆರಳು ಕೆಳಗೆ ಇಳಿದಿದೆ. ದಾರದ ಗಂಟೂ ನನ್ನದಲ್ಲ. ನಾನು ಸರಗುಣಿಕೆ ಹಾಕುತ್ತೇನೆ, ಅದು ಗಟ್ಟಿ ಗಂಟಾಗಿತ್ತು. ಭರಣಿಯ ವಿಷಯ ಮನೆಯಲ್ಲಿ ಗೊತ್ತಿರುವುದು ಮಾಮಾ ಒಬ್ಬರಿಗೆ. ಇದರ ಮೇಲೆ ನಾನೇನು ತಿಳಿಯಲಿ? ನನಗೆ ಬಹಳ ಸಂಕಟವಾಗಿದೆ. ಅತ್ತೆಗೆ ದಯವಿಟ್ಟು ತಿಳಿಸಬೇಡಿ.

ನಿಮ್ಮ ಮಗಳು,
ಇಂದೂ


ಧಾರವಾಡ
೬-೯-೧೯೪೩

ಸೌ. ಭಾಮಾಗೆ ಆಶೀರ್ವಾದ.

ಇಂದೂಳ ಉತ್ತರ ಬಂದಿದೆ. ಭರಣಿ ಕಾಲೇಜಿನ ಪ್ರಯೋಗಕ್ಕೆ, ಹುಡುಗಿಯದು ತಪ್ಪಿಲ್ಲ. ಅಷ್ಟರಮಟ್ಟಿಗೆ ನನ್ನ ಮನಸ್ಸು ಹಗುರವಾಯಿತು.

ಆದರೆ ನಿನ್ನ ಯಜಮಾನರಿಗೆ ಇದು ಮೊದಲಿನಿಂದ ಗೊತ್ತಿತ್ತು. ಬೇಕಾದ ಸಾಮಾನು ತಂದುಕೊಟ್ಟವರೇ ಅವರು. ಭರಣಿಯಲ್ಲಿ ಎರಡು ಬೆರಳು ಕಡಿಮೆಯಾಗಿದೆ, ಗಂಟು ಯಾರೋ ಬಿಚ್ಚಿ ಕಟ್ಟಿದ್ದಾರೆ ಎಂದು ಹುಡುಗಿಯೇ ಬರೆದಿದ್ದಾಳೆ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಕೋರ್ಟೂ ಕೇಳುವುದಿಲ್ಲ. ಹೇಳಬೇಡಿ ಎಂದು ಅವಳು ಬೇಡಿಕೊಂಡಿದ್ದಾಳೆ. ಆದರೂ ತಂಗಿಯ ಸಂಸಾರದ ವಿಷಯ, ಮುಚ್ಚಿಡುವುದು ನನ್ನಿಂದ ಆಗಲಿಲ್ಲ.

ಎದುರಿಗೆ ನಿಲ್ಲಿಸಿ ಕೇಳು.

ನಿನ್ನ ಅಣ್ಣ,
ಬಾಳಕೃಷ್ಣ


ಪುಣೆ
ಭಾದ್ರಪದ ಹುಣ್ಣಿಮೆ
೧೪-೯-೧೯೪೩

ಬಾಳಣ್ಣನಿಗೆ ನಮಸ್ಕಾರ.

ಕೇಳಿದೆ. ನಿನ್ನೆ ಗಣಪತಿ ಕಳಿಸುವ ದಿನ, ಬೀದಿಯಲ್ಲಿ ತಾಳ-ಝಾಂಜಿನ ಗದ್ದಲ. ಇವರು ಬಂದರು. ಟೊಪ್ಪಿಗೆ ಇಸಿದುಕೊಂಡೆ. ದಿನದ ಹಾಗೆ ದಣಿವಿನ ಮಾತು ಕೇಳಲಿಲ್ಲ.

"ಬಚ್ಚಲದಾಗಿನ ಭರಣಿ ವಿಷಯ ನಿಮಗ ಗೊತ್ತಿತ್ತೇನ್ರಿ?" ಅಂದೆ.

"ಗೊತ್ತಿತ್ತು. ಈಸ್ಟ್ ತಂದು ಕೊಟ್ಟಾಂವ ನಾನ."

"ಎರಡು ಬೆರಳು ಕಡಿಮಿ ಆಗೇದಂತ. ಎಲ್ಲಿ ಹೋತು?"

ಸಿಟ್ಟಿಗೇಳುತ್ತಾರೆ ಎಂದುಕೊಂಡಿದ್ದೆ, ಏಳಲಿಲ್ಲ. "ಈಗಷ್ಟ ನನ್ನ ಬಾಯಿ ಮೂಸಿದೆಲ್ಲ," ಅಂದರು. "ವಾಸನಿ ಬಂತೇನು? ದಿನಾ ಮೂಸ್ತಿ. ನನಗ ತಿಳಿಯೂದಿಲ್ಲ ಅಂತ ಮಾಡೀಯೇನು?"

ನನ್ನ ಕೈಯಲ್ಲಿದ್ದ ಟೊಪ್ಪಿಗೆ ಕೆಳಗೆ ಬಿತ್ತು.

"ಆರು ವರ್ಷ ಹೊಸ್ತಿಲ ಮ್ಯಾಲೆ ನಿಂತು ಬಾಯಿ ತೋರಿಸೇನಿ, ಭಾಮಾ. ನಿನಗ ಅದರಿಂದ ನಿದ್ದಿ ಬರ್ತದಂದ್ರ ಬರಲಿ ಅಂತ ಸುಮ್ನಿದ್ದೆ. ಈಚಲ ಗಿಡದ ಬುಡಕ್ಕ ಕೂತು ಮಜ್ಜಿಗಿ ಕುಡದ್ರೂ ಜನ ಸೆರೆ ಅಂತಾರ. ಜನ ಅನ್ನಲಿ. ನೀ ಅಂದಿ."

ಅಷ್ಟೇ. ಕೊರಳಿನ ಮಾಲೆ ತೆಗೆದು ವಿಠ್ಠಲನ ಮುಂದೆ ಇಟ್ಟರು. ಎರಡು ಧೋತರ ಸುತ್ತಿಕೊಂಡು, ಭೋರ್‌ನಲ್ಲಿರುವ ತಮ್ಮ ಸದಾನಂದನ ಮನೆಗೆ ಹೊರಟುಹೋದರು. ಆಫೀಸಿಗೆ ಕಾಯಿಲೆಯ ರಜೆ ಬರೆದು ಕಳಿಸಿದ್ದಾರಂತೆ.

ಮಾಲೆ ತೆಗೆದಿಟ್ಟರು ಅಂದರೆ ಇನ್ನು ಕುಡಿಯಲು ಅಡ್ಡಿಯಿಲ್ಲ ಎಂದೇ ಅರ್ಥವಲ್ಲವೇ? ಕಳ್ಳನಿಗೊಂದು ಪಿಳ್ಳೆ ನೆವ. ಹೀಗೆಂದು ಹಗಲೆಲ್ಲ ನನಗೆ ನಾನೇ ಹೇಳಿಕೊಂಡೆ. ನಾನು ತೆಗೆದು ಎರಚಿದ ಸೌಟು ಲೆಕ್ಕಕ್ಕೆ ಬರುವುದಿಲ್ಲ. ಸೌಟು ಎಷ್ಟು, ಎರಡು ಬೆರಳು ಎಷ್ಟು! ಇವತ್ತೂ ಬಿಚ್ಚಿ ನೋಡಿದೆ. ವಾಸನೆ ಬದಲಾಗಿದೆ, ಮೂಗಿಗೆ ಚುಚ್ಚುತ್ತದೆ. ಬಲಿತಿರಬೇಕು.

ಇಂದೂ ನನ್ನ ಜೊತೆ ಮಾತಾಡುತ್ತಿಲ್ಲ. ಮನೆ ಭಣಗುಟ್ಟುತ್ತಿದೆ.

ಭಾಮಾ


ಪುಣೆ
೩-೧೦-೧೯೪೩

ತೀರ್ಥರೂಪ ಅಪ್ಪನವರಿಗೆ ನಮಸ್ಕಾರಗಳು.

ಭಟ್ಟಿಯ ಪಾತ್ರೆ ಇಡೀ ವರ್ಗಕ್ಕೆ ಒಂದೇ. ನನ್ನ ಸರದಿ ನಿನ್ನೆ ಬಂತು. ಭರಣಿ ಒಯ್ದೆ.

ಇಳಿದ ಹನಿಗೆ ಕಡ್ಡಿ ಗೀರಿದೆ, ಹತ್ತಲಿಲ್ಲ. ಡೈಕ್ರೋಮೇಟ್ ಕಿತ್ತಳೆಯಾಗಿಯೇ ಉಳಿಯಿತು. ನೀಲಿ ಲಿಟ್ಮಸ್ ಕಾಗದ ಅದ್ದಿದರೆ ಕೆಂಪಗಾಯಿತು. ಹುಡುಗರು ನಕ್ಕರು. ಪ್ರೊಫೆಸರರು ಮೂಸಿ ನೋಡಿ ಕೇಳಿದರು: "ಏನಮ್ಮಾ, ಉಪ್ಪಿನಕಾಯಿಗೆ ಹಾಕಲಿಕ್ಕೆ ಮಾಡಿದ್ದೇನು ಇದನ್ನ? ಇದು ವಿನಿಗರ್. ದಿನಾ ತೆರೆದು ಗಾಳಿಗೆ ಹಿಡಿದೀರಿ."

ಗಾಳಿ ತಾಕಿದರೆ ಮದ್ಯಸಾರ ನಿಲ್ಲುವುದಿಲ್ಲ ಅಪ್ಪಾ. ಗಾಳಿಯ ಜೊತೆ ಬರುವ ಸೂಕ್ಷ್ಮಜೀವಿಗಳು ಅದನ್ನು ಹುಳಿ ಮಾಡುತ್ತವೆ, ಅದು ಅಸಿಟಿಕ್ ಆಮ್ಲವಾಗುತ್ತದೆ. ಒಂದೆರಡು ಸಲ ಬಿಚ್ಚಿ ಕಟ್ಟಿದರೆ ಇಷ್ಟು ಹುಳಿ ಏರುವುದಿಲ್ಲ. ದಿನಾ ಯಾರೋ ಬಿಚ್ಚಿದ್ದಾರೆ. ಕುಡಿಯುವವರು ಇಷ್ಟು ಹುಳಿಯನ್ನು ಯಾಕೆ ದಿನಾ ಹುಡುಕಿಕೊಂಡು ಬರುತ್ತಾರೆ?

ಮನೆಗೆ ಬಂದು ಇದನ್ನೇ ಅತ್ತೆಯ ಮುಂದೆ ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದಳು. ಅವಳ ಕೈ ನಿಂತಿತು. "ನಾನ ಬಿಚ್ಚತಿದ್ದೆ," ಅಂದಳು. "ಒಂದು ಸೌಟು ತಗದು ಒಲಿಗೆ ಹಾಕತಿದ್ದೆ. ಉರೀತದೋ ಇಲ್ಲೋ ನೋಡ್ಲಿಕ್ಕೆ." ನಾನು ಅದೇ ಭರಣಿಗೆ ಗೆರೆಯವರೆಗೆ ನೀರು ತುಂಬಿದೆ. ಅದೇ ಸೌಟಿನಿಂದ ದಿನಕ್ಕೊಂದರಂತೆ ಎಣಿಸಿ ಹೊರಗೆ ಸುರಿದೆ. ಎರಡು ಬೆರಳು ದಾಟಿ ಇಳಿಯಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಚ್ಚಲಿನ ಹೊಸ್ತಿಲ ಮೇಲೆ ಕೂತುಬಿಟ್ಟಳು.

ತಾನು ದಿನಾ ಬಿಚ್ಚುತ್ತಿದ್ದುದನ್ನು ಶ್ರಾವಣದಲ್ಲೇ ನಿಮಗೆ ಬರೆದಿದ್ದೆ ಎಂದು ಅವಳು ಆಮೇಲೆ ಹೇಳಿದಳು. ಯಾರೋ ಬಿಚ್ಚುತ್ತಿದ್ದಾರೆ ಎಂದು ನಾನು ನಿಮಗೆ ಬರೆದೆ. ಎರಡೂ ಕಾಗದ ನಿಮ್ಮ ಮೇಜಿನ ಮೇಲೆಯೇ ಇದ್ದವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನನಗೆ ಕಲಿಸಿದವರು ನೀವು.

ನಾನೂ ಮಾಮಾನ ಮೇಲೆ ಸಂಶಯಪಟ್ಟೆ. ಈಸ್ಟ್ ತಂದುಕೊಡುವಾಗ ಅವರು ಪೊಟ್ಟಣವನ್ನು ಕೈವಸ್ತ್ರದಲ್ಲಿ ಹಿಡಿದು, ಅದರ ಹುಳಿ ವಾಸನೆಯೂ ಬೇಡವೆಂಬಂತೆ ಮುಖ ಆಚೆಗೆ ತಿರುಗಿಸಿ ಕೊಟ್ಟಿದ್ದರು. ಅದನ್ನು ಕಂಡೂ ನನಗೆ ಬುದ್ಧಿ ಬರಲಿಲ್ಲ. ನಾಳೆ ಇದ್ದಿಲ ಗ್ಯಾಸಿನ ಬಸ್ಸು ಹಿಡಿದು ಭೋರ್‌ಗೆ ಹೋಗುತ್ತೇನೆ. ನಿಮ್ಮ ಅಪ್ಪಣೆ ಬರುವ ತನಕ ಕಾಯುವುದಿಲ್ಲ.

ಇಂದೂ


ಭೋರ್
೧೦-೧೦-೧೯೪೩

ಸೌ. ಭಾಮಾಗೆ ಪಂಢರಿನಾಥನ ಆಶೀರ್ವಾದ.

ಇಂದೂ ಬಂದು ಎಲ್ಲ ಹೇಳಿ ಹೋದಳು. ದಾರಿಯಲ್ಲಿ ಬಸ್ಸು ಎರಡು ಕಡೆ ನಿಂತಿತಂತೆ, ಮುಖವೆಲ್ಲ ಮಸಿ. ನೀನು ಅತ್ತದ್ದನ್ನೂ ಹೇಳಿದಳು. ಅಳಬೇಡ.

ನಾನಿಲ್ಲಿ ಕುಡಿದಿಲ್ಲ. ಕೊರಳಲ್ಲಿ ಮಾಲೆ ಇಲ್ಲದ್ದರಿಂದ, ಕುಡಿಯುತ್ತೇನೋ ಏನೋ ಎಂದು ನಾನೇ ನನ್ನನ್ನು ಕಾಯುತ್ತ ಕೂತಿದ್ದೆ. ಕುಡಿಯಬೇಕು ಅನ್ನಿಸಲಿಲ್ಲ. ಇದನ್ನು ನಂಬುವುದು ಬಿಡುವುದು ನಿನಗೆ ಬಿಟ್ಟದ್ದು.

ತಪ್ಪಾಯಿತು, ಬರ್ರಿ ಎಂದು ನೀನು ಹೇಳಿಕಳಿಸಿದ್ದಿ. ತಪ್ಪು ಒಪ್ಪಿಕೊಂಡರೆ ಸಾಕಾಗುತ್ತಿದ್ದರೆ ನಾನು ಆ ಹತ್ತು ವರ್ಷ ಪ್ರತಿ ಬೆಳಿಗ್ಗೆ ಒಪ್ಪಿಕೊಳ್ಳುತ್ತಿದ್ದೆನಲ್ಲ. ಆದ್ದರಿಂದ ಹೀಗೆ ಮಾಡು. ಇಂದೂಗೆ ಪ್ರೊಫೆಸರರು ಇನ್ನೊಂದು ಅವಕಾಶ ಕೊಟ್ಟಿದ್ದಾರಂತೆ. ಹೊಸ ಬೆಲ್ಲ ಹಾಕಿ ಅದೇ ಭರಣಿ ಅಲ್ಲೇ ನೀರೊಲೆಯ ಹಿಂದೆ ಇಡಲಿ. ಕೊಳವೆ ಒಂದನ್ನು ಬಿಟ್ಟು ಮುಚ್ಚಳದ ಸುತ್ತ ನಿನ್ನ ಕೈಯಾರೆ ಕಣಕ ಮೆತ್ತು. ಅವಳು ಸಾಕು ಅನ್ನುವ ತನಕ ಅದನ್ನು ಬಿಚ್ಚಬೇಡ, ಮೂಸಬೇಡ. ನಾನು ಆರು ವರ್ಷ ಸೀಸೆ ಮುಟ್ಟದೆ ಇದ್ದೆ. ನೀನು ಅಷ್ಟು ದಿನ ಭರಣಿ ಮುಟ್ಟದೆ ಇರು.

ಬಿಚ್ಚಿದ್ದರೆ ಹುಳಿಯೇ ಹೇಳುತ್ತದೆ ಎಂದು ಇಂದೂ ಅನ್ನುತ್ತಾಳೆ. ಒಯ್ಯುವ ದಿನ ನಾನು ಬರುತ್ತೇನೆ. ಒಳಗೆ ಬರುವುದೋ ಹೊಸ್ತಿಲಿಂದ ತಿರುಗುವುದೋ ಆಗ ನೋಡೋಣ.

ಪಂಢರಿನಾಥ


ಪುಣೆ
ಕಾರ್ತಿಕ ಶುದ್ಧ ಪಂಚಮಿ
೨-೧೧-೧೯೪೩

ಬಾಳಣ್ಣನಿಗೆ ಭಾಮಾ ಮಾಡುವ ನಮಸ್ಕಾರ.

ಇಂದೂಳ ಕಾಗದಕ್ಕೆ ನೀನು ಉತ್ತರ ಬರೆದಿಲ್ಲ. ನಾನೂ ಕೇಳುವುದಿಲ್ಲ. ಇವರು ಮನೆಗೆ ಬಂದಿದ್ದಾರೆ ಎಂದು ತಿಳಿಸಲು ಬರೆಯುತ್ತಿದ್ದೇನೆ.

ದೀಪಾವಳಿಯ ಮುಂಚೆ ಇಂದೂ ಭರಣಿ ಒಯ್ದಳು. ಈ ಸಲ ಹನಿಗೆ ಕಡ್ಡಿ ಗೀರಿದ ಕೂಡಲೇ ನೀಲಿ ಉರಿ ಎದ್ದಿತಂತೆ. ಹಳದಿ ಪುಡಿ ಬಿತ್ತು, ಕಿತ್ತಳೆ ಹಸಿರಾಯಿತು. ಆ ಹಸಿರಿನ ನಳಿಗೆಯನ್ನು ಕೈವಸ್ತ್ರದಲ್ಲಿ ಸುತ್ತಿ ಮನೆಗೆ ತಂದು, "ಅತ್ತೀ, ನೋಡು, ಪಾಚಿ ಬಣ್ಣ!" ಎಂದು ಕುಣಿದಳು. ಪೂರ್ತಿ ಅಂಕ ಬಿದ್ದಿವೆ. ವಿನಿಗರಿನ ಹಳೆಯ ಕಥೆ ಎತ್ತಿದರೆ ಭುಜಂಗನ ಮೀಸೆ ಸುಡುತ್ತಾಳಂತೆ. ಉಪ್ಪು ಹಾಕಿದವನು ಅವನೇ ಎಂಬುದಕ್ಕೆ ಇವತ್ತಿಗೂ ಸಾಕ್ಷಿಯಿಲ್ಲ ಎಂದು ನಾನು ಅಂದೆ.

ಮೊನ್ನೆ ಪಾಡ್ಯದ ದಿನ ಇವರು ಮಾಲೆ ಹಾಕಿಕೊಂಡರು. ಸಂಜೆ ಬಂದಾಗ ನಾನು ಈಗಲೂ ಟೊಪ್ಪಿಗೆ ಇಸಿದುಕೊಳ್ಳುತ್ತೇನೆ, ಉಸಿರು ಬಿಗಿಹಿಡಿದು. ನಗಬೇಡ. ಅವರಿಗೆ ಸೆರೆ ಬಿಡುವುದು ಒಂದೇ ದಿನಕ್ಕೆ ಆಯಿತು, ನನಗೆ ಮೂಸುವುದು ಬಿಡುವುದು ಇನ್ನೂ ಆಗುತ್ತಿದೆ.

ಇನ್ನೊಂದು ಮಾತು ನಿನಗೆ ಮಾತ್ರ.

ನಾನು ಬಿಚ್ಚಿದೆ ಅಣ್ಣಾ. ಒಂದು ದಿನ. ಇಂದೂ ಕಾಲೇಜಿನಿಂದ ಬರುವುದು ತಡವಾಗಿತ್ತು. ಮನೆಯಲ್ಲಿ ನಾನೊಬ್ಬಳೇ. ನೀರೊಲೆಯ ಮುಂದೆ ಕೂತೆ. ಮೂಸಬಾರದು, ಮೂಸಬಾರದು ಎಂದುಕೊಳ್ಳುತ್ತಲೇ ನನ್ನ ಹೆಬ್ಬೆರಳು ಕಣಕ ಕೀಳುತ್ತಿತ್ತು. ಒಂದು ಚೂರು ಎದ್ದುಬಂತು, ವಾಸನೆಯೂ ಬಂತು. ಆಗ ನನಗೆ ಎಚ್ಚರವಾಯಿತು. ಓಡಿಹೋಗಿ ಹಿಟ್ಟು ನಾದಿ ತಂದು ಆ ಬಿರುಕು ಮುಚ್ಚಿದೆ. ಹಳೆಯ ಕಣಕ ಹೊಗೆ ತಾಗಿ ಕಂದಾಗಿತ್ತು, ಹೊಸದು ಬೆಳ್ಳಗೆ, ಅಂಟುಅಂಟಾಗಿ ಕೂತಿತು. ಒಂದು ಸಲಕ್ಕೆ ಹುಳಿ ಏರುವುದಿಲ್ಲ, ರಸಾಯನಶಾಸ್ತ್ರ ನನ್ನನ್ನು ಹಿಡಿದುಕೊಡುವುದಿಲ್ಲ ಎಂದು ಇಂದೂಳಿಂದಲೇ ಕೇಳಿ ತಿಳಿದಿದ್ದೆ. ಆದರೆ ಕಣಕಕ್ಕೆ ಏನು ಮಾಡಲಿ?

ಮರುದಿನವೇ ಒಯ್ಯುವ ದಿನ. ಇವರು ಭೋರ್‌ನಿಂದ ಬೆಳಿಗ್ಗೆ ಬಂದರು. ಟಾಂಗಾ ಬಾಗಿಲಲ್ಲಿ ನಿಂತಿತ್ತು. ನೇರವಾಗಿ ಬಚ್ಚಲಿಗೆ ಹೋಗಿ ಭರಣಿಯ ಮುಂದೆ ಬಗ್ಗಿದರು. ಸುತ್ತಲೂ ನೋಡಿದರು. ಬೆಳ್ಳಗಿದ್ದ ಕಡೆ ಬೆರಳು ಒತ್ತಿದರು; ಅದಿನ್ನೂ ಮೆತ್ತಗಿತ್ತು, ಬೆರಳಿನ ಗುರುತು ಬಿತ್ತು. ಇಂದೂ ಅದನ್ನು ನೋಡಿ ತಲೆ ತಗ್ಗಿಸಿದಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಈಗ ತಿರುಗಿ ಹೋಗುತ್ತಾರೆ, ಹೋಗಲಿ, ನನಗೆ ಅದೇ ತಕ್ಕದ್ದು ಎಂದುಕೊಂಡೆ.

ಇವರು ಎದ್ದರು. ಭರಣಿಯನ್ನು ಎರಡೂ ಕೈಯಿಂದ ಎದೆಗೆ ಆನಿಸಿ ಎತ್ತಿಕೊಂಡರು. ನನ್ನ ಪಕ್ಕದಿಂದ ಹಾದು ಹೋಗುವಾಗ, "ಕಣಕ ಭಾಳ ಚಲೋ ನಾದೀ, ಭಾಮಾ," ಅಂದರು. "ಎಲ್ಲೂ ಬಿರುಕು ಬಿಟ್ಟಿಲ್ಲ."

ಬೆರಳಿಗೆ ಹತ್ತಿದ್ದ ಹಿಟ್ಟನ್ನು ನನಗೆ ಕಾಣದ ಹಾಗೆ ಧೋತರಕ್ಕೆ ಒರೆಸಿಕೊಂಡರು. ನನಗೆ ಕಂಡಿತು.

ನೀನು ಅವರಿಗೆ ಒಂದು ಕಾಗದ ಬರೆ. ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ.

ನಿನ್ನ ತಂಗಿ,
ಭಾಮಾ